ಎಣ್ಣೆ ಸುರಿಯುವ ಮೊದಲು ಬೂಟು ನೋಡಿ

ಸಂಪಾದಕರಿಗೆ ನಮಸ್ಕಾರ.

15 ವರ್ಷ ದಾಟಿದ ಕಾರುಗಳನ್ನೆಲ್ಲ ಗುಜರಿಗೆ ಹಾಕಿಸಬೇಕು ಎಂದು ಓದುಗರೊಬ್ಬರು ಇದೇ ಜಾಗದಲ್ಲಿ ಬರೆದಿದ್ದರು. ಅವರ ಸಿಟ್ಟು ಅರ್ಥವಾಗುತ್ತದೆ. ನನ್ನದೂ ಅಂಥದ್ದೇ ಗಾಡಿ, 2004ರದ್ದು, ಅಪ್ಪ ಕೊಂಡದ್ದು. ಆದರೆ ಕಾರಿಗೆ ವಯಸ್ಸಾಗುವುದು ಬೇರೆ, ಯಾರೂ ಬಗ್ಗಿ ನೋಡದೆ ಅದು ಕೆಡುವುದು ಬೇರೆ. ಕಳೆದ ತಿಂಗಳು, ಮುಂದಿನ ಚಕ್ರಗಳನ್ನು ಎಡಬಲಕ್ಕೆ ತಿರುಗಿಸುವ ಅದರ ಸ್ಟೇರಿಂಗ್ ರ‍್ಯಾಕನ್ನು ಮನೆ ಮುಂದೆಯೇ ಬಿಚ್ಚಿ ಬೇರೆಯದು ಹಾಕಿದೆ. ಆಗ ಗೊತ್ತಾದದ್ದನ್ನು ಹೇಳಲು ಈ ಪತ್ರ.

ಸುಮಾರು ಒಂದು ವರ್ಷದಿಂದ ಪವರ್ ಸ್ಟೇರಿಂಗ್ ಎಣ್ಣೆ ಕಡಿಮೆಯಾಗುತ್ತಿತ್ತು. ಪಾರ್ಕಿಂಗ್ ಮಾಡುವಾಗ ಪೂರ್ತಿ ತಿರುಗಿಸಿದರೆ ಪಂಪು ಗುಂಯ್ ಎಂದು ನರಳುತ್ತಿತ್ತು. ಸರ್ವಿಸ್‌ಗೆ ಬಿಟ್ಟಾಗಲೆಲ್ಲ ಬಿಲ್ಲಿನಲ್ಲಿ ಒಂದು ಬಾಟಲಿ ಎಣ್ಣೆ ಬರೆದಿರುತ್ತಿದ್ದರು. ಕೇಳಿದರೆ 'ಹಳೆ ಗಾಡಿ ಸಾರ್, ಸ್ವಲ್ಪ ಕುಡಿಯುತ್ತೆ' ಎನ್ನುವ ಉತ್ತರ. ಇದು ಇಂಜಿನ್ ಅಲ್ಲವಲ್ಲ, ಎಣ್ಣೆ ಸುಟ್ಟುಹೋಗಲು! ಸ್ಟೇರಿಂಗ್ ಎಣ್ಣೆ ಸುತ್ತಿ ಸುತ್ತಿ ಅದೇ ಪಂಪಿಗೆ ವಾಪಸ್ ಬರಬೇಕು. ಕಡಿಮೆಯಾಯಿತು ಅಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ನೆಲದ ಮೇಲೆ ಒಂದು ಹನಿಯೂ ಬೀಳುತ್ತಿರಲಿಲ್ಲ, ಅದಕ್ಕೇ ನಾನೂ ನಂಬಿದ್ದೆ.

ಹೋಗುತ್ತಿದ್ದದ್ದು ಸ್ಟೇರಿಂಗಿನ ರಬ್ಬರ್ ಬೂಟಿನೊಳಗೆ. ರ‍್ಯಾಕ್ ಅಂದರೆ ಕಾರಿನ ಅಡಿಯಲ್ಲಿ ಅಡ್ಡಡ್ಡ ಕೂತಿರುವ ಹಲ್ಲಿನ ಸರಳು. ಎಣ್ಣೆಯ ಒತ್ತಡ ಅದನ್ನು ಎಡಕ್ಕೋ ಬಲಕ್ಕೋ ತಳ್ಳುತ್ತದೆ, ಎರಡೂ ಕಡೆ ರಬ್ಬರ್ ಸೀಲು ಎಣ್ಣೆಯನ್ನು ತಡೆದು ನಿಲ್ಲಿಸುತ್ತದೆ. ಸರಳಿನ ತುದಿಗಳಿಗೆ ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾದ ರಬ್ಬರ್ ಬೂಟು ಇರುತ್ತದೆ. ಕಾರಿನಡಿ ಮಲಗಿ ಎಡಗಡೆ ಬೂಟಿನ ಕ್ಲಾಂಪ್ ಸಡಿಲಿಸಿದೆ ನೋಡಿ, ಅರ್ಧ ಲೋಟ ಕೆಂಪು ಎಣ್ಣೆ ನೇರ ಮುಖಕ್ಕೆ. ಕನ್ನಡಕ ಇತ್ತು, ಬಚಾವಾದೆ.

ಮುಖ ಒರೆಸಿಕೊಂಡು ಬೂಟನ್ನು ತಿರುಗಿಸಿ ನೋಡಿದರೆ ಮೇಲಿನ ಮಡಿಕೆಯಲ್ಲಿ ಹೆಬ್ಬೆರಳುದ್ದ ಸೀಳು. ಅಲ್ಲಿಂದ ಮಳೆಗಾಲದ ಗುಂಡಿ ನೀರು, ಧೂಳು ಎಲ್ಲ ಒಳಗೆ ಹೋಗಿವೆ. ಕನ್ನಡಿಯಂತೆ ಹೊಳೆಯಬೇಕಾದ ಸರಳಿಗೆ ತುಕ್ಕು ಹಿಡಿದು ಸಿಡುಬಿನ ಕಲೆ ಬಿದ್ದಿತ್ತು. ಪ್ರತಿ ಸಲ ಸ್ಟೇರಿಂಗ್ ತಿರುಗಿದಾಗ ಆ ಒರಟು ಸರಳು ಸೀಲನ್ನು ಉಜ್ಜಿ ಉಜ್ಜಿ ತಿಂದಿದೆ. ಸೋರಿಕೆ ನಿಲ್ಲಿಸುತ್ತೇವೆ ಎಂದು ಬಾಟಲಿಯಲ್ಲಿ ಔಷಧ ಮಾರುತ್ತಾರಲ್ಲ, ಅದನ್ನೂ ಒಮ್ಮೆ ಹಾಕಿದ್ದೆ. ಅದು ರಬ್ಬರನ್ನು ಸ್ವಲ್ಪ ಮೆತ್ತಗೆ ಮಾಡಿ ಉಬ್ಬಿಸಬಹುದು, ಅಷ್ಟೆ. ತುಕ್ಕಿಗೆ ಏನು ಮಾಡೀತು?

ಬರೀ ಸೀಲ್ ಕಿಟ್ ಹಾಕಿ ಮುಗಿಸೋಣ ಎಂದುಕೊಂಡಿದ್ದೆ. ಅಂಥ ಸರಳಿಗೆ ಹೊಸ ಸೀಲು ಹಾಕಿದರೂ ನಾಲ್ಕು ತಿಂಗಳು ಬರಲ್ಲ ಎಂದು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯವರೇ ಹೇಳಿದರು. ವ್ಯಾಪಾರ ಕಳೆದುಕೊಂಡು ನಿಜ ಹೇಳಿದ ಅವರಿಗೆ ದೊಡ್ಡ ನಮಸ್ಕಾರ. ಕಂಪನಿಯ ಹೊಸ ರ‍್ಯಾಕಿಗೆ 16,000 ರೂಪಾಯಿ, ಅದೂ ಆರ್ಡರ್ ಹಾಕಿ ಕಾಯಬೇಕು. ರೀಕಂಡೀಷನ್ ಮಾಡಿದ್ದು 7,500ಕ್ಕೆ ಸಿಕ್ಕಿತು, ಹಳೆಯದನ್ನು ವಾಪಸ್ ಕೊಡಬೇಕು ಎನ್ನುವ ಷರತ್ತಿನ ಮೇಲೆ. ಹಾಗೆ ತರುವವರು ಅಂಗಡಿಯಲ್ಲೇ ಬೂಟು ಸರಿಸಿ ಸರಳು ನುಣ್ಣಗಿದೆಯಾ ನೋಡಿ, ಈ ತುದಿಯಿಂದ ಆ ತುದಿಗೆ ತಿರುಗಿಸಿ ಎಲ್ಲಾದರೂ ಹಿಡಿಯುತ್ತದಾ ಗಮನಿಸಿ. ಹೊರಗೆ ಕಪ್ಪು ಬಣ್ಣ ಬಳಿದಿದ್ದಾರೆ ಎಂದು ಮರುಳಾಗಬೇಡಿ.

ಒಂದು ಭಾನುವಾರದ ಕೆಲಸ ಎಂದು ಹೆಂಡತಿಗೆ ಹೇಳಿದ್ದೆ. ಎರಡು ಭಾನುವಾರ ಹಿಡಿಯಿತು. ಗಾಡಿಯನ್ನು ಬರೀ ಜಾಕಿ ಮೇಲೆ ನಿಲ್ಲಿಸಿ ಕೆಳಗೆ ನುಗ್ಗಲು ಹೊರಟಿದ್ದೆ, ಪಕ್ಕದ ಮನೆಯ ಲಾರಿ ಓಡಿಸುವ ಅಣ್ಣ ಬೈದು ಹೊರಗೆಳೆದರು. 'ಜಾಕಿ ಇರೋದು ಎತ್ತೋಕೆ, ಹೊತ್ಕೊಂಡು ನಿಲ್ಲೋಕಲ್ಲ' ಎಂದು ತಮ್ಮ ಎರಡು ಕಬ್ಬಿಣದ ಸ್ಟ್ಯಾಂಡ್ ಕೊಟ್ಟರು. ಇಲ್ಲಿ ಹುಡುಗಾಟ ಬೇಡ. ಸ್ಟ್ಯಾಂಡ್ ಇಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ.

ಚಕ್ರ ತೆಗೆದು, ನಟ್ಟು ಕಳಚದಂತೆ ತಡೆಯುವ ಸ್ಪ್ಲಿಟ್ ಪಿನ್ ಎಳೆದು, ಸರಳನ್ನು ಚಕ್ರಕ್ಕೆ ಸೇರಿಸುವ ಟೈ ರಾಡಿನ ನಟ್ಟು ಬಿಚ್ಚಿ, ಜಾಯಿಂಟ್ ಬಿಡಿಸುವುದು ಮೊದಲ ಕೆಲಸ. ಸುತ್ತಿಗೆಯಿಂದ ಬೋಲ್ಟಿನ ತುದಿಗೆ ಹೊಡೆದರೆ ಮರೆ (ಥ್ರೆಡ್) ಹಾಳು. ಅದು ಕೂತಿರುವ, ಚಕ್ರದ ಕಡೆಯ ಕಬ್ಬಿಣದ ತೋಳಿನ ಪಕ್ಕಕ್ಕೆ ಹೊಡೆದರೆ ಟಕ್ ಎಂದು ಬಿಡುತ್ತದೆ. ಟೈ ರಾಡ್ ತುದಿ ಬಿಚ್ಚುವಾಗ ಎಷ್ಟು ಸುತ್ತು ತಿರುಗಿತು ಎಂದು ಎಣಿಸಿ ಗೋಡೆ ಮೇಲೆ ಬರೆದಿಟ್ಟೆ, ಎಡಕ್ಕೆ 17, ಬಲಕ್ಕೆ 18. ಹೊಸದರಲ್ಲೂ ಅಷ್ಟೇ ಸುತ್ತು ಹಾಕಿದರೆ, ಚಕ್ರಗಳ ಕೋನ ಹೊಂದಿಸುವ ಅಲೈನ್‌ಮೆಂಟ್ ಅಂಗಡಿವರೆಗಾದರೂ ನೆಟ್ಟಗೆ ಓಡಿಸಿಕೊಂಡು ಹೋಗಬಹುದು. ಸ್ಟೇರಿಂಗ್ ಚಕ್ರವನ್ನು ನೇರಕ್ಕಿಟ್ಟು ಅಲುಗದಂತೆ ಕಟ್ಟಿಬಿಡಿ. ನನ್ನ ಗಾಡಿಗೆ ಏರ್‌ಬ್ಯಾಗ್ ಇಲ್ಲ, ಇರುವವರು ಇದನ್ನು ಮರೆಯಲೇಬಾರದು. ಕೆಳಗಿನ ಜೋಡಣೆ ಬಿಚ್ಚಿದ ಮೇಲೆ ಸ್ಟೇರಿಂಗ್ ಚಕ್ರ ಸುಮ್ನೆ ಸುತ್ತಿದರೆ ಅದರ ಹಿಂದಿರುವ ಸುರುಳಿ ವೈರು ಕಿತ್ತುಹೋಗುತ್ತದೆ.

ನನಗೆ ಜಾಸ್ತಿ ಕಾಟ ಕೊಟ್ಟದ್ದು ಎಣ್ಣೆ ಪೈಪಿನ ನಟ್ಟು. ಅದಕ್ಕೆ ಬೇರೆಯದೇ ಪಾನಾ ಬರುತ್ತದೆ, ನಟ್ಟನ್ನು ಸುತ್ತಲೂ ತಬ್ಬಿ ಹಿಡಿಯುವಂಥದ್ದು, ಪೈಪು ದಾಟಿಸಲು ಒಂದು ಕಡೆ ಮಾತ್ರ ಸೀಳಿರುತ್ತದೆ. 300 ರೂಪಾಯಿ ಉಳಿಸಲು ಹೋಗಿ ಮಾಮೂಲಿ ಪಾನಾ ಹಾಕಿದೆ, ಮೂಲೆಗಳೆಲ್ಲ ಸವೆದು ನಟ್ಟು ಗುಂಡಗಾಯಿತು, ಅರ್ಧ ದಿನ ಅದೊಂದಕ್ಕೇ ಹೋಯಿತು. ಆಮೇಲೆ ಅಡಿಯ ಕ್ರಾಸ್ ಮೆಂಬರನ್ನು, ಅಂದರೆ ಅಡ್ಡ ತೊಲೆಯನ್ನು, ನಾಲ್ಕು ಬೆರಳು ಇಳಿಸಿ, ಸಣ್ಣ ಬಾಗಿಲಿನಿಂದ ಮಂಚ ಹೊರಗೆ ತರುವ ಹಾಗೆ ಓರೆ ಮಾಡಿ, ತಿರುಗಿಸಿ, ಎಳೆದು, ನಾನೂ ಪಕ್ಕದ ಮನೆಯ ಅಣ್ಣನೂ ಸೇರಿ ರ‍್ಯಾಕನ್ನು ಹೊರಗೆ ತಂದೆವು.

ಹೊಸದನ್ನು ಕೂರಿಸುವುದು ಅಷ್ಟು ಕಷ್ಟವಿಲ್ಲ. ಪೈಪುಗಳ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ಮಾತ್ರ ಹೊಸದೇ ಇರಲಿ. ಎಣ್ಣೆ ತುಂಬಿದ ಮೇಲೆ ಇಂಜಿನ್ ಚಾಲು ಮಾಡದೆ, ಮುಂದಿನ ಚಕ್ರಗಳು ಗಾಳಿಯಲ್ಲಿರುವಾಗಲೇ ಸ್ಟೇರಿಂಗನ್ನು ನಿಧಾನವಾಗಿ ಈ ಕೊನೆಯಿಂದ ಆ ಕೊನೆಗೆ ಹತ್ತಿಪ್ಪತ್ತು ಸಲ ತಿರುಗಿಸಬೇಕು, ನಡುನಡುವೆ ಎಣ್ಣೆ ನೋಡಿ ತುಂಬಬೇಕು. ಒಳಗಿನ ಗಾಳಿ ಗುಳ್ಳೆಯಾಗಿ ಬರುತ್ತದೆ. ಅವಸರಪಟ್ಟು ಸ್ಟಾರ್ಟ್ ಮಾಡಿದರೆ ಎಣ್ಣೆಯೆಲ್ಲ ನೊರೆ. ಯಾವ ಎಣ್ಣೆ ಎನ್ನುವುದನ್ನು ಗಾಡಿಯ ಪುಸ್ತಕ ನೋಡಿಯೇ ಹಾಕಿ, ಎಲ್ಲ ಕಾರಿಗೂ ಕೆಂಪು ಎಣ್ಣೆ ನಡೆಯುವುದಿಲ್ಲ. ಹಳೆ ಎಣ್ಣೆ ಒಂದೂವರೆ ಲೀಟರ್ ಬಂತು. ಅದನ್ನು ಮೋರಿಗೆ ಚೆಲ್ಲದೆ ಗ್ಯಾರೇಜಿನ ಡ್ರಮ್ಮಿಗೆ ಕೊಟ್ಟೆ.

ಈಗ ನನ್ನ ತಕರಾರು. 2024ರಲ್ಲಿ ಈ ಕಾರಿನ ಆರ್‌ಸಿ ನವೀಕರಣಕ್ಕೆ 5,000 ರೂಪಾಯಿ ಕಟ್ಟಿದ್ದೇನೆ, ಹಸಿರು ತೆರಿಗೆ ಬೇರೆ. 2019ರಲ್ಲಿ ಇದೇ ಕೆಲಸಕ್ಕೆ 600 ಇತ್ತು. 2022ರ ಏಪ್ರಿಲ್‌ನಲ್ಲಿ ಏರಿಸಿದರು. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಲ್ಲಿ ಅದನ್ನೂ 10,000 ಮಾಡಿದ್ದಾರೆ. ಹಳೆ ಗಾಡಿ ರಸ್ತೆಗೆ ಅಪಾಯ ಎನ್ನುತ್ತಾರೆ, ಒಪ್ಪಿದೆ. ಹಾಗಾದರೆ ಆ ದುಡ್ಡಿಗೆ ಏನು ನೋಡಿದರು? ಚಾಸಿ ನಂಬರ್ ನೋಡಿದರು, ಲೈಟು ಹಾಕಿಸಿದರು, ಹಾರನ್ ಒತ್ತಿಸಿದರು, ಫೋಟೊ ತೆಗೆದರು. ಹತ್ತು ನಿಮಿಷ. ಕಾರಿನ ಕೆಳಗೆ ಒಬ್ಬರೂ ಬಗ್ಗಲಿಲ್ಲ. ಯಾವ ಕಚೇರಿ ಎಂದು ಹೇಳಲ್ಲ, ಬೇರೆ ಊರಿನ ಸ್ನೇಹಿತರ ಅನುಭವವೂ ಇದೇ.

ನನ್ನ ಭಾವ ಇಂಗ್ಲೆಂಡಿನಲ್ಲಿದ್ದಾರೆ. ಅಲ್ಲಿ ಕಾರಿಗೆ ಮೂರು ವರ್ಷ ತುಂಬಿದ ಮೇಲೆ ವರ್ಷ ವರ್ಷ ಎಂಒಟಿ ಎನ್ನುವ ತಪಾಸಣೆ. ಸ್ಟೇರಿಂಗ್ ಬೂಟು ಹರಿದು ಮಣ್ಣು ಒಳಗೆ ಹೋಗುವಂತಿದ್ದರೆ ಫೇಲ್, ಸರಿ ಮಾಡಿಸಿಕೊಂಡು ಬಾ ಎಂದು ಕಳಿಸುತ್ತಾರೆ. ನಮ್ಮಲ್ಲೂ ಎಲ್ಲವನ್ನೂ ಒಂದೇ ಸಲ ಮಾಡಿ ಎಂದು ನಾನು ಕೇಳುತ್ತಿಲ್ಲ. ನವೀಕರಣಕ್ಕೆ ಬಂದ ಕಾರನ್ನು ಒಂದು ಗುಂಡಿಯ ಮೇಲೆ ನಿಲ್ಲಿಸಿ, ಟಾರ್ಚ್ ಹಿಡಿದು, ಬೂಟು, ಬಾಲ್ ಜಾಯಿಂಟ್ (ಗುಂಡಿನ ಕೀಲು), ಬ್ರೇಕ್ ಪೈಪು ಇಷ್ಟನ್ನು ನೋಡಿ ಒಂದು ಚೀಟಿಯಲ್ಲಿ ಬರೆದುಕೊಡಲಿ. ಬೂಟಿನ ಬೆಲೆ 350 ರೂಪಾಯಿ. ಸರಿಯಾದ ಹೊತ್ತಿಗೆ ಯಾರಾದರೂ ಹೇಳಿದ್ದರೆ ನನ್ನ ಖರ್ಚು ಅಷ್ಟರಲ್ಲೇ ಮುಗಿಯುತ್ತಿತ್ತು. ಸರ್ವಿಸ್ ಮಾಡುವವರೂ ಅಷ್ಟೆ, ಎಣ್ಣೆ ಸುರಿಯುವ ಕೈ ಒಮ್ಮೆ ಕೆಳಗೂ ಹೋಗಿ ಬೂಟನ್ನು ಹಿಸುಕಿ ನೋಡಬಹುದಿತ್ತು, ಅಲ್ವಾ?

ಗುಜರಿಗೆ ಹಾಕಿ ಎಂದು ಬರೆದ ಓದುಗರು ತುಮಕೂರಿನ ಕಡೆ ಬಂದರೆ ನನ್ನ ಗಾಡಿ ಓಡಿಸಿ ನೋಡಲಿ, ಸ್ಟೇರಿಂಗ್ ಒಂದೇ ಬೆರಳಿಗೆ ತಿರುಗುತ್ತದೆ. ನೆಟ್ಟಗೆ ಹೋಗುವಾಗ ಸ್ಟೇರಿಂಗ್ ಚಕ್ರ ಚೂರು ಎಡಕ್ಕಿರುತ್ತದೆ, ಅಲೈನ್‌ಮೆಂಟಿನವರು ಒಂದೇ ಕಡೆ ಟೈ ರಾಡ್ ತಿರುಗಿಸಿ ಕಳಿಸಿದ್ದಾರೆ. ಈ ಭಾನುವಾರ ಮತ್ತೆ ಅವರ ಹತ್ತಿರ ಹೋಗಬೇಕು.

— ಓದುಗ, ತುಮಕೂರು