14 ನುಡಿ, ಎರಡು ಪುಟ, ಮತ್ತು ನಿಮಗೆಲ್ಲ ಥ್ಯಾಂಕ್ಸ್

ಅಂತೂ ಮುಗೀತು. ನಮ್ಮ ದೊಡ್ಡವ್ವನ ಬೀಸುವ ಪದ, 14 ನುಡಿ, ಸ್ಟಾಫ್ ನೊಟೇಷನ್ನಿನಲ್ಲಿ (ಐದು ಗೆರೆಗಳ ಮೇಲೆ ಸ್ವರ ಬರೆಯುವ ಪಾಶ್ಚಾತ್ಯ ಪದ್ಧತಿ) ಎರಡು ಪುಟ. ಐದು ತಿಂಗಳು ಹಿಡಿಯಿತು. ಇದು ನಾನೊಬ್ಬಳೇ ಮಾಡಿದ್ದಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದೊಡ್ಡವ್ವನಿಗೆ. ಮಂಡಿನೋವು ಇಟ್ಟುಕೊಂಡೇ ನನ್ನ ಫೋನಿನ ಮುಂದೆ ಎಷ್ಟು ಸಲ ಹಾಡಿದಳೋ. ಸುಮ್ನೆ ಕೂತು ಹಾಡು ಅಂದರೆ ನಾಲ್ಕು ನುಡಿಗೇ ನಿಂತುಬಿಡುತ್ತಿತ್ತು. ಹಿತ್ತಲಲ್ಲಿದ್ದ ಬೀಸುವ ಕಲ್ಲನ್ನು ತೊಳೆದು ಒಳಗೆ ತಂದು, ಪಕ್ಕದಲ್ಲಿ ಒಂದಿಷ್ಟು ಜೋಳ ಇಟ್ಟ ಮೇಲೆ ಉಳಿದ ಹತ್ತೂ ತಾವಾಗಿ ಬಂದವು.

ಆಮೇಲೆ ನಮ್ಮ ಸಂಗೀತದ ಮೇಷ್ಟ್ರಿಗೆ. ಪದ ತ್ರಿಪದಿಯಲ್ಲಿದೆ. ಮೂರು ಸಾಲಿಗೆ 11 ಗಣ, ಅಂದರೆ ಅಕ್ಷರಗಳ ಗುಂಪು; 6ನೆಯದು ಮತ್ತು 10ನೆಯದು ಎರಡು ಅಂಶದ ಬ್ರಹ್ಮಗಣ, ಉಳಿದವು ಮೂರು ಅಂಶದ ವಿಷ್ಣುಗಣ. ಆದರೆ ಇದು ಅಂಶದ ಲೆಕ್ಕ, ಅಕ್ಷರದ ಲೆಕ್ಕ ಅಲ್ಲ. ಒಂದು ವಿಷ್ಣುಗಣದಲ್ಲಿ ಮೂರಕ್ಷರ ಇರಬಹುದು, ನಾಲ್ಕೂ ಇರಬಹುದು. ಹಾಡುವಾಗ ಗೊತ್ತೇ ಆಗುವುದಿಲ್ಲ, ಬಾಯಿ ತಾನೇ ಹೊಂದಿಸಿಕೊಳ್ಳುತ್ತದೆ, ಒಂದೊಂದು ಸ್ವರದ ಕೆಳಗೆ ಒಂದೊಂದು ಅಕ್ಷರ ಕೂರಿಸಲು ಹೋದಾಗಲೇ ಮೊದಲ ನುಡಿಗೆ ಸರಿಹೋದ ಸ್ವರ ನಾಲ್ಕನೇ ನುಡಿಗೆ ಸಾಲದೆ ಬರುವುದು. ನಾನು ಪ್ರತಿ ನುಡಿಗೂ ಬೇರೆ ಬೇರೆ ಬರೆದು ಒಂಬತ್ತು ಪುಟ ಮಾಡಿದ್ದೆ. ಮೇಷ್ಟ್ರು ನೋಡಿ, "ಧಾಟಿ ಒಂದೇ ಅಲ್ವಾ, ಒಂದೇ ಸಲ ಬರಿ" ಅಂದರು. ಮೂರು ನುಡಿ ಸ್ವರದ ಕೆಳಗೆ, ಉಳಿದ 11 ಕೊನೆಗೆ ಬರೀ ಪದ್ಯವಾಗಿ. ಅಕ್ಷರ ಜಾಸ್ತಿ ಬಂದ ಕಡೆ ಸಣ್ಣ ಗಾತ್ರದ ಸ್ವರ, ಪದ್ಯದಲ್ಲಿ ಒಂದೇ ಸ್ವರಕ್ಕೆ ಸೇರುವ ಎರಡಕ್ಷರದ ಕೆಳಗೆ ಗೆರೆ. ಆ ಒಂದು ಸಂಜೆ ಅವರು ಕೊಡದಿದ್ದರೆ ನಾನು ಇದನ್ನು ಬಿಟ್ಟೇಬಿಡುತ್ತಿದ್ದೆ.

ಸ್ವರಲಿಪಿ ಬರೆಯುವ ಸಾಫ್ಟ್‌ವೇರ್ ಮ್ಯೂಸ್‌ಸ್ಕೋರ್ ಮಾಡಿ ಎಲ್ಲರಿಗೂ ಪುಕ್ಕಟೆ ಕೊಟ್ಟವರಿಗೆ ದೊಡ್ಡ ನಮಸ್ಕಾರ. ಹೈಫನ್ ಒತ್ತಿದರೆ ಮುಂದಿನ ಅಕ್ಷರ, ಎಂಟರ್ ಒತ್ತಿದರೆ ಮುಂದಿನ ನುಡಿ, ಇಷ್ಟು ಸಲೀಸು. ಕನ್ನಡ ಹೇಗೆ ಒಡೆಯಬೇಕು ಅನ್ನುವುದನ್ನು ಹೇಳಿಕೊಟ್ಟವಳು ಡಿಟಿಪಿ ಮಾಡುವ ಗೆಳತಿ. "ಎದ್ದು" ಅನ್ನುವುದನ್ನು ನಾನು ಉಚ್ಚಾರಕ್ಕೆ ತಕ್ಕಂತೆ "ಎದ್-ದು" ಅಂತ ಒಡೆದಿದ್ದೆ, ಓದುವವರ ಕಣ್ಣು ಅಲ್ಲೇ ಎಡವುತ್ತಿತ್ತು. "ಎ-ದ್ದು" ಮಾಡಿಸಿದಳು. ಒತ್ತಕ್ಷರಗಳು ಕೆಳಗಿನ ನುಡಿಗೆ ತಾಗುತ್ತಿದ್ದಾಗ ಸಾಲುಗಳ ನಡುವೆ ಜಾಗ ಬಿಡಿಸಿದಳು.

ಪ್ರಿಂಟ್ ಅಂಗಡಿಯ ತಮ್ಮನಿಗೂ ಥ್ಯಾಂಕ್ಸ್. ಅಲ್ಲಿನ ಕಂಪ್ಯೂಟರಿನಲ್ಲಿ ನನ್ನ ಫಾಂಟ್ ಇರಲಿಲ್ಲ, ಅಕ್ಷರವೆಲ್ಲ ಚೌಕ ಚೌಕ. ನಾನು ಮನೆಗೆ ಓಡಿಹೋಗಿ ಪಿಡಿಎಫ್ ಮಾಡಿ ಕಳಿಸುವವರೆಗೆ, ಶಟರ್ ಅರ್ಧ ಇಳಿಸಿಕೊಂಡು ಕಾದ.

ಇದನ್ನೆಲ್ಲ ಶುರು ಮಾಡಿಸಿದ್ದು ಅಮೆರಿಕದಲ್ಲಿ ಶಾಲೆಯ ಆರ್ಕೆಸ್ಟ್ರಾದಲ್ಲಿ ವಯೊಲಿನ್ ನುಡಿಸುವ ದೊಡ್ಡವ್ವನ ಮೊಮ್ಮಗಳು, "ಅಮ್ಮಮ್ಮನ ಹಾಡು ನನಗೆ ಓದೋಕೆ ಬರೋ ಹಾಗೆ ಬರೆದು ಕೊಡಿ ಚಿಕ್ಕಮ್ಮ" ಅಂತ ಕೇಳಿ. ನಿನ್ನೆ ವಿಡಿಯೋ ಕಾಲಿನಲ್ಲಿ ನುಡಿಸಿದಳು. ದೊಡ್ಡವ್ವ ಕಣ್ಣು ಮುಚ್ಚಿ ಪೂರ್ತಿ ಕೇಳಿದಳು, ಕೈ ತೊಡೆಯ ಮೇಲೆ ಗುಂಡಗೆ ತಿರುಗುತ್ತಿತ್ತು. "ಛಲೋ ಬಾರ್ಸಿದಿ ಕೂಸ. ಆದ್ರ ಕಲ್ಲು ಇಷ್ಟು ಲಗೂ ತಿರುಗಂಗಿಲ್ಲ ನೋಡು" ಅಂದಳು. ಪುಟದ ಮೇಲೆ ನಾನು ನಿಮಿಷಕ್ಕೆ 92 ಬೀಟ್ ಅಂತ ವೇಗ ಹಾಕಿದ್ದೆ. ರಾತ್ರಿಯೇ 66 ಮಾಡಿ ಹೊಸ ಪಿಡಿಎಫ್ ಕಳಿಸಿದ್ದೇನೆ.