ಟ್ಯೂಬಿಂಗೆನ್‌ಗೆ ಹೊರಟಿರುವ ಅನಘಾಳಿಗೆ

ಮಂಗಳೂರು
10 ಆಗಸ್ಟ್ 2025

ಚಿ. ಅನಘಾಳಿಗೆ ಅತ್ತೆಯ ಆಶೀರ್ವಾದಗಳು.

ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ಒಂದು ಸೆಮಿಸ್ಟರ್ ಓದಲು ನಿನಗೆ ವೀಸಾ ಕೈಸೇರಿತೆಂದು ನಿನ್ನಪ್ಪ ನಿನ್ನೆ ರಾತ್ರಿ ಫೋನ್ ಮಾಡಿದ್ದ. ಸಂತೋಷ ಎಷ್ಟಿತ್ತೋ ಅಳುಕೂ ಅಷ್ಟೇ ಇತ್ತು ಅವನ ದನಿಯಲ್ಲಿ. ಮಗಳು ಒಬ್ಬಳೇ ಆರು ತಿಂಗಳು ಅಷ್ಟು ದೂರ ಹೇಗಿರುತ್ತಾಳೋ ಎಂದು. ನನಗೆ ಆ ಚಿಂತೆ ಇಲ್ಲ. ಅಡುಗೆ ಬರುತ್ತದೆ, ದುಡ್ಡಿನ ಲೆಕ್ಕ ಇಡುತ್ತೀ, ಚಳಿಗೆ ಹೆದರುವವಳೂ ಅಲ್ಲ. ನನ್ನ ಚಿಂತೆ ಒಂದೇ. ನೀನು ಬಾಯಿಬಿಟ್ಟು ಕೇಳುವುದಿಲ್ಲ. ತರಗತಿಯಲ್ಲಿ ಅರ್ಥವಾಗದ್ದನ್ನು ಅಲ್ಲೇ ಕೇಳುವ ಬದಲು ಮನೆಗೆ ಬಂದು ರಾತ್ರಿಯೆಲ್ಲ ಪುಸ್ತಕ ತಿರುವುತ್ತೀ. ಇಲ್ಲಿ ಅದು ನಡೆದುಹೋಗುತ್ತದೆ. ಮೇಷ್ಟರು ಗಮನಿಸುತ್ತಾರೆ, ಗೆಳತಿಯರು ಎಚ್ಚರಿಸುತ್ತಾರೆ, ಆಫೀಸಿನವರೇ ಕರೆದು ಫಾರ್ಮ್ ತುಂಬಿಸಿಕೊಳ್ಳುತ್ತಾರೆ. ಅಲ್ಲಿ ನೀನು ಕೇಳಿದರೆ ಎಲ್ಲರೂ ಸಹಾಯ ಮಾಡುತ್ತಾರೆ, ಕೇಳದಿದ್ದರೆ ಯಾರೂ ನಿನ್ನ ಉಸಾಬರಿಗೆ ಬರುವುದಿಲ್ಲ. ಅದು ನಿರ್ಲಕ್ಷ್ಯವಲ್ಲ. ದೊಡ್ಡವಳಾಗಿದ್ದೀ, ಬೇಕಾದ್ದು ನಿನಗೇ ಗೊತ್ತು ಎಂಬ ಮರ್ಯಾದೆ. ನಾನು ಅಲ್ಲಿ ಸಂಶೋಧನೆ ಮಾಡುತ್ತಿದ್ದ ಕಾಲದಲ್ಲಿ ಅದನ್ನು ತಪ್ಪಾಗಿ ತಿಳಿದು ಮುದುಡಿ ಕೂತ ನಮ್ಮ ಕಡೆಯ ಮಕ್ಕಳನ್ನು ಕಂಡಿದ್ದೇನೆ. ಅದಕ್ಕೇ ಈ ಪತ್ರ.

ಮೊದಲು ಓದಿನ ವಿಷಯ. ಚಳಿಗಾಲದ ಸೆಮಿಸ್ಟರ್ ಕಾಗದದ ಮೇಲೆ ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ. ಪಾಠ ಶುರುವಾಗುವುದು ಅಕ್ಟೋಬರ್ ನಡುವಿನಲ್ಲಿ, ಮುಗಿಯುವುದು ಫೆಬ್ರವರಿಯಲ್ಲಿ. ನಡುವೆ ಕ್ರಿಸ್‌ಮಸ್ ರಜೆ. ಹೆಚ್ಚಿನ ಉಪನ್ಯಾಸಗಳಲ್ಲಿ ಹಾಜರಿ ಕರೆಯುವುದಿಲ್ಲ, ಇಂಟರ್ನಲ್ಸ್ ಎಂಬುದಿಲ್ಲ, ಕೊನೆಯಲ್ಲಿ ಒಂದು ಪರೀಕ್ಷೆ. ಹಾಜರಿ ಇಲ್ಲವೆಂದರೆ ಬಿಡುವು ಎಂದುಕೊಂಡವರು ಜನವರಿಯಲ್ಲಿ ಕಣ್ಣು ಬಿಡುತ್ತಾರೆ. ಇನ್ನೊಂದು: ಕೋರ್ಸಿಗೆ ಸೇರಿದ ಮಾತ್ರಕ್ಕೆ ಪರೀಕ್ಷೆಗೆ ಕೂರಬಹುದು ಎಂದಲ್ಲ. ಪರೀಕ್ಷೆಗೇ ಬೇರೆ ನೋಂದಣಿ, ಅದಕ್ಕೊಂದು ಕೊನೆಯ ದಿನ. ಆಲ್ಮಾ ಎಂಬ ವಿಶ್ವವಿದ್ಯಾಲಯದ ಪೋರ್ಟಲ್‌ಗೆ ಲಾಗಿನ್ ಸಿಕ್ಕಿದ ದಿನವೇ ಆ ತಾರೀಕುಗಳನ್ನು ಬರೆದಿಟ್ಟುಕೋ. ನನ್ನ ವಿದ್ಯಾರ್ಥಿಯೊಬ್ಬ ಜರ್ಮನಿಯ ಇನ್ನೊಂದು ಊರಿನಲ್ಲಿ ಸೆಮಿಸ್ಟರ್ ಪೂರ್ತಿ ಒಂದು ಕೋರ್ಸನ್ನು ಶ್ರದ್ಧೆಯಿಂದ ಕೇಳಿ, ನೋಂದಣಿಯ ದಿನ ದಾಟಿದ್ದರಿಂದ ಪರೀಕ್ಷೆಗೆ ಕೂರಲಾಗದೆ ಬರಿಗೈಯಲ್ಲಿ ಬಂದ. ಪಕ್ಕದವರನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು.

ಒಂದು ಸೆಮಿಸ್ಟರಿಗೆ 30 ಕ್ರೆಡಿಟ್ ಎಂಬುದು ಯುರೋಪಿನ ಲೆಕ್ಕ. ಒಂದು ಕ್ರೆಡಿಟ್ ಎಂದರೆ 25ರಿಂದ 30 ಗಂಟೆಯ ಕೆಲಸ, ಕೋಣೆಯಲ್ಲಿ ಕೂತು ಓದುವುದೂ ಸೇರಿ. ಹೊಸ ಊರು, ಹೊಸ ಭಾಷೆ ಇರುವಾಗ 30ನ್ನೂ ತಲೆಯ ಮೇಲೆ ಹೊರಬೇಡ. ನಿನ್ನ ವಿಭಾಗ ಕನಿಷ್ಠ ಎಷ್ಟು ಕೇಳುತ್ತದೋ ಅದಕ್ಕಿಂತ ಸ್ವಲ್ಪ ಹೆಚ್ಚು ಇಟ್ಟುಕೊಂಡರೆ ಸಾಕು. ಇಲ್ಲಿಯೇ ಕಲಿಯಬಹುದಾದ ಥಿಯರಿಯನ್ನು ಅಲ್ಲಿ ಹೋಗಿ ಕಲಿಯುವುದರಲ್ಲಿ ಅರ್ಥವಿಲ್ಲ. ಪ್ರಯೋಗಾಲಯದ ಕೆಲಸ ಇರುವ ಕೋರ್ಸ್ ಒಂದನ್ನಾದರೂ ಹಿಡಿ. ಆಯ್ದ ಕೋರ್ಸುಗಳೆಲ್ಲ ಲರ್ನಿಂಗ್ ಅಗ್ರಿಮೆಂಟಿನಲ್ಲಿ, ಅಂದರೆ ಎರಡೂ ವಿಶ್ವವಿದ್ಯಾಲಯಗಳು ಒಪ್ಪಿದ ಕೋರ್ಸುಗಳ ಪಟ್ಟಿಯಲ್ಲಿ ಇರಲಿ, ಅಲ್ಲಿ ಹೋದಮೇಲೆ ಬದಲಾಯಿಸಿದರೆ ಆ ಬದಲಾವಣೆಗೂ ಎರಡೂ ಕಡೆಯ ಸಹಿ ಬೀಳಲಿ. ಅಲ್ಲಿ 1.0 ಅತ್ಯುತ್ತಮ ಅಂಕ, 4.0 ಪಾಸು, 5.0 ನಪಾಸು. ಇದನ್ನು ನಮ್ಮ ಗ್ರೇಡಿಗೆ ಹೇಗೆ ಇಳಿಸುತ್ತಾರೆ ಎಂದು ಹೊರಡುವ ಮೊದಲೇ ನಿನ್ನ ಪರೀಕ್ಷಾ ವಿಭಾಗದಿಂದ ಬರಹದಲ್ಲಿ ತೆಗೆದುಕೋ. ಬಾಯಿಮಾತಿನ ಭರವಸೆ ಕೊಟ್ಟ ಗುಮಾಸ್ತರು ನೀನು ಬರುವ ಹೊತ್ತಿಗೆ ವರ್ಗವಾಗಿರುತ್ತಾರೆ.

ಟ್ಯೂಬಿಂಗೆನ್ ಇರುವ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪಿನ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಗೆ ಸೆಮಿಸ್ಟರಿಗೆ 1,500 ಯೂರೋ ಶುಲ್ಕ ಹಾಕಿದೆ. ನೀನು ಅದನ್ನು ಕಟ್ಟುತ್ತಿಲ್ಲ, ವಿಶ್ವವಿದ್ಯಾಲಯಗಳ ಒಪ್ಪಂದದ ಮೇಲೆ ಹೋಗುತ್ತಿರುವುದರಿಂದ. ನಿನ್ನ ಹಿಂದೆ ಆ ಸೀಟಿಗಾಗಿ ಕಾದಿರುವ ತಂಗಿಯರಿದ್ದಾರೆ. ಅಲ್ಲಿಯವರು ನಿನ್ನನ್ನು ನೋಡಿ ಮುಂದಿನವರನ್ನು ಅಳೆಯುತ್ತಾರೆ, ಅದು ನೆನಪಿರಲಿ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಊರಿನ ಗುಡ್ಡದ ಮೇಲೆ ಹೋಹೆನ್‌ಟ್ಯೂಬಿಂಗೆನ್ ಕೋಟೆ ಇದೆ. ಅಲ್ಲಿಗೆ ಹೋದ ಒಂದು ವಾರದೊಳಗೆ ಹತ್ತಿ ನೋಡು. ನಿನ್ನ ಹಾಗೆ ಬಯೋಕೆಮಿಸ್ಟ್ರಿ ಓದುವವರಿಗೆ ಅದು ಪುಣ್ಯಕ್ಷೇತ್ರ ಎಂದೇ ನಾನು ಎಣಿಸುತ್ತೇನೆ. ಕೋಟೆಯ ಹಳೆಯ ಅಡುಗೆಮನೆಯಲ್ಲಿ ಜೀವರಸಾಯನ ವಿಜ್ಞಾನಿ ಫೆಲಿಕ್ಸ್ ಹೋಪ್ಪೆ-ಸೈಲರ್ ಅವರ ಪ್ರಯೋಗಾಲಯವಿತ್ತು. 1868ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಫ್ರೀಡ್ರಿಖ್ ಮೀಷರ್ ಎಂಬ ತರುಣ ಅಲ್ಲಿ ಕಲಿಯಲು ಬಂದ, ನಿನಗಿಂತ ಒಂದೆರಡು ವರ್ಷ ದೊಡ್ಡವನಷ್ಟೆ. ಆಸ್ಪತ್ರೆಯಿಂದ ಗಾಯದ ಪಟ್ಟಿಗಳನ್ನು ತರಿಸಿ, ಕೀವಿನಲ್ಲಿದ್ದ ಬಿಳಿ ರಕ್ತಕಣಗಳನ್ನು ತೊಳೆದು ತೆಗೆದು, ಅವುಗಳ ಕೋಶಕೇಂದ್ರದಿಂದ 1869ರಲ್ಲಿ ಹೊಸದೊಂದು ವಸ್ತುವನ್ನು ಬೇರ್ಪಡಿಸಿದ. ಫಾಸ್ಫರಸ್ ಹೇರಳವಾಗಿದ್ದ, ಪ್ರೋಟೀನುಗಳ ಹಾಗೆ ವರ್ತಿಸದ ಆ ವಸ್ತುವಿಗೆ ನ್ಯೂಕ್ಲೀನ್ ಎಂದು ಹೆಸರಿಟ್ಟ. ನಾವು ಡಿಎನ್‌ಎ ಎನ್ನುವುದು ಅದನ್ನೇ. ಗುರುಗಳು ಶಿಷ್ಯನ ಮಾತನ್ನು ಹಾಗೇ ಒಪ್ಪಿಕೊಳ್ಳಲಿಲ್ಲ. ತಾವೇ ಪ್ರಯೋಗವನ್ನು ಮತ್ತೆ ಮಾಡಿ ನೋಡಿ, ಖಾತ್ರಿಯಾದ ಮೇಲೆಯೇ 1871ರಲ್ಲಿ ಪ್ರಬಂಧವನ್ನು ಅಚ್ಚಿಗೆ ಕೊಟ್ಟರು.

ಇದನ್ನು ಯಾಕೆ ಬರೆದೆನೆಂದರೆ, ಲ್ಯಾಬಿನ ವಾರದ ಸಭೆಯಲ್ಲಿ ನಿನ್ನ ಫಲಿತಾಂಶ ತೋರಿಸಿದಾಗ ನಾಲ್ಕು ಕಡೆಯಿಂದ ಪ್ರಶ್ನೆ ಬರುತ್ತದೆ. ಹೋಲಿಸಿ ನೋಡಲು ಮಾಡುವ ಕಂಟ್ರೋಲ್ ಪ್ರಯೋಗ ಎಲ್ಲಿ, ಎಷ್ಟು ಸಲ ಮಾಡಿದಿ, ಬೇರೆ ಕಾರಣ ಇರಬಹುದಲ್ಲವೇ. ನಮ್ಮಲ್ಲಿ ಇಂಥ ಪ್ರಶ್ನೆ ಬಂದರೆ ತಪ್ಪು ಹಿಡಿಯುತ್ತಿದ್ದಾರೆ ಎಂದು ಮುಖ ಸಣ್ಣದಾಗುತ್ತದೆ. ಅಲ್ಲಿ ಪ್ರಶ್ನೆ ಬಂತೆಂದರೆ ನಿನ್ನ ಕೆಲಸವನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ ಎಂದರ್ಥ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನು. ಹಾಗೆಯೇ ಬೇರೆಯವರು ಮಾತಾಡುವಾಗ ನೀನೂ ಕೇಳು. ಪ್ರೊಫೆಸರರ ಮಾತಿಗೆ ಒಪ್ಪಿಗೆ ಇಲ್ಲದಿದ್ದರೆ ಕಾರಣ ಕೊಟ್ಟು ಹೇಳು, ಯಾರೂ ಅದನ್ನು ಉದ್ಧಟತನ ಎನ್ನುವುದಿಲ್ಲ. ಸಭೆಯಲ್ಲಿ ಬಾಯಿ ಬರದಿದ್ದರೆ ಷ್ಪ್ರೆಖ್‌ಷ್ಟುಂಡೆ ಇದೆ. ವಾರದಲ್ಲಿ ಇಂಥ ದಿನ ಇಂಥ ಹೊತ್ತು ವಿದ್ಯಾರ್ಥಿಗಳನ್ನು ಕಾಣಲೆಂದೇ ಅಧ್ಯಾಪಕರು ಕೋಣೆಯಲ್ಲಿ ಕೂತಿರುತ್ತಾರೆ. ಮೊದಲೇ ಈಮೇಲ್ ಬರೆದು, ಕೇಳಬೇಕಾದ್ದನ್ನು ಚೀಟಿಯಲ್ಲಿ ಗುರುತು ಹಾಕಿಕೊಂಡು, ಹೇಳಿದ ನಿಮಿಷಕ್ಕೆ ಹೋಗು. ನವೆಂಬರ್ ಮುಗಿಯುವುದರೊಳಗೆ ಒಮ್ಮೆಯಾದರೂ ಹೋಗಲೇಬೇಕು, ಇದು ನನ್ನ ಆಜ್ಞೆ ಎಂದೇ ತಿಳಿ.

ಪ್ರಯೋಗಾಲಯಗಳಿರುವುದು ಮೋರ್ಗೆನ್‌ಷ್ಟೆಲ್ಲೆ ಎಂಬ ಗುಡ್ಡದ ಮೇಲೆ. ಸುರಕ್ಷತೆಯ ಪಾಠ ಕೇಳಿ ಸಹಿ ಹಾಕದೆ ಪಿಪೆಟ್ ಮುಟ್ಟಗೊಡುವುದಿಲ್ಲ. ಪಾಠದ ವೇಳಾಪಟ್ಟಿಯಲ್ಲಿ ಗಂಟೆಯ ಮುಂದೆ ಸಿ.ಟಿ. ಎಂದಿದ್ದರೆ ಕಾಲು ಗಂಟೆ ತಡವಾಗಿ ಶುರು, ಎಸ್.ಟಿ. ಎಂದಿದ್ದರೆ ಸರಿಯಾಗಿ ಆ ಗಂಟೆಗೆ. ಪಾಠ ಮುಗಿದಾಗ ಎಲ್ಲರೂ ಮೇಜು ಕುಟ್ಟಿದರೆ ಗಾಬರಿಯಾಗಬೇಡ, ಅದು ಚಪ್ಪಾಳೆ.

ಕಾಗದಪತ್ರದ ವಿಷಯ ಚುಟುಕಾಗಿ ಹೇಳುತ್ತೇನೆ, ಉಳಿದದ್ದು ಅವರ ಅಂತರರಾಷ್ಟ್ರೀಯ ಕಚೇರಿಯವರು ಕಳಿಸಿದ ಪಟ್ಟಿಯಲ್ಲಿದೆ. ಕೋಣೆ ಸೇರಿದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಅದೇ ಆನ್‌ಮೆಲ್ಡುಂಗ್. ಅದಕ್ಕೆ ಕೋಣೆ ಕೊಟ್ಟವರ ಸಹಿ ಇರುವ ಪತ್ರ ಬೇಕು, ಬೀಗದ ಕೈ ಪಡೆಯುವಾಗಲೇ ಕೇಳಿ ತೆಗೆದುಕೋ. ವೀಸಾ ಮಾರ್ಚ್ ಕೊನೆಯವರೆಗೆ ಸಾಲುತ್ತದೆಯೇ ಎಂದು ಇಂದೇ ನೋಡು. ಸಾಲದಿದ್ದರೆ ಅಲ್ಲಿ ಇಳಿದ ತಕ್ಷಣ ವಿದೇಶಿಯರ ಕಚೇರಿಗೆ ಬರೆ, ಅವರ ಸಮಯ ಸಿಗಲು ವಾರಗಟ್ಟಲೆ ಕಾಯಬೇಕಾಗುತ್ತದೆ. ಹೊರಡುವಾಗ ವಿಳಾಸ ರದ್ದು ಮಾಡಿಸದೆ ಬರಬೇಡ. ನಿನ್ನಪ್ಪ ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಖಾತೆಯಲ್ಲಿ, ಇಟ್ಟಿರುವ ಹಣ ತಿಂಗಳಿಗೆ 992 ಯೂರೋದಂತೆ ಕೈಗೆ ಬರುತ್ತದೆ, ಆದರೆ ಅಲ್ಲಿ ಖಾತೆ ತೆರೆಯುವವರೆಗೆ ಅದು ಮುಟ್ಟುವುದಿಲ್ಲ. ಮೊದಲ ತಿಂಗಳ ಬಾಡಿಗೆ, ಕೋಣೆಯ ಠೇವಣಿ, ಊಟದ ಖರ್ಚಿಗೆ ಬೇರೆಯಾಗಿ ಹಣ ಇರಲಿ. ದೇಶವಿಡೀ ಬಸ್ಸು, ಪ್ರಾದೇಶಿಕ ರೈಲುಗಳಿಗೆ ನಡೆಯುವ ಡಾಯ್ಚ್‌ಲಾಂಡ್ ಟಿಕೆಟ್ ಈ 2025ರಲ್ಲಿ ತಿಂಗಳಿಗೆ 58 ಯೂರೋ. ಆ ರಾಜ್ಯದಲ್ಲಿ 27 ವರ್ಷದೊಳಗಿನ ವಿದ್ಯಾರ್ಥಿಗಳಿಗೆ ಅದಕ್ಕಿಂತ ಅಗ್ಗದ್ದೊಂದಿದೆ, ಕೊಳ್ಳುವ ಮೊದಲು ಕೇಳು.

ಪಾರ್ಟ್‌ಟೈಮ್ ಕೆಲಸದ ಬಗ್ಗೆ ನೀನು ಕೇಳಿದ್ದಿ. ವರ್ಷಕ್ಕೆ 140 ಪೂರ್ಣ ದಿನ ದುಡಿಯಲು ಕಾನೂನಿನ ಅನುಮತಿ ಇದೆ. ಎರಡು ವರ್ಷ ಓದಲು ಹೋದವರಿಗೆ ನಾನು ಬೇಡವೆನ್ನುವುದಿಲ್ಲ. ನಿನಗೆ ಬೇಡವೆನ್ನುತ್ತೇನೆ. ಹೋಟೆಲಿನಲ್ಲಿ ತಟ್ಟೆ ತೊಳೆದ ಸಂಜೆಗಳು ಹಣವಾಗಿ ಬರುತ್ತವೆ, ಸರಿ. ಆದರೆ ಲ್ಯಾಬಿನಲ್ಲಿ ಸಂಜೆ ಆರರ ಮೇಲೆ ಉಳಿದವರ ಜೊತೆ ಕಾಫಿ ಕುಡಿಯುತ್ತ ಕಲಿಯುವುದು ಮತ್ತೆ ಸಿಗುವುದಿಲ್ಲ. ಕಡಿಮೆ ಬಿದ್ದರೆ ನನಗೆ ಹೇಳು. ಅಪ್ಪನಿಗೆ ಹೇಳಲು ಸಂಕೋಚವಾದರೂ ನನಗೆ ಹೇಳು.

ಅಕ್ಟೋಬರ್ ಕೊನೆಗೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಆಮೇಲೆ ನಮಗೂ ನಿನಗೂ ನಾಲ್ಕೂವರೆ ಗಂಟೆಯ ಅಂತರ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲು, ಭಾನುವಾರ ಅಂಗಡಿ ಮುಚ್ಚಿರುತ್ತದೆ, ಬೀದಿ ಬಿಕೋ ಎನ್ನುತ್ತದೆ. ಅಲ್ಲಿ ಹುಟ್ಟಿ ಬೆಳೆದವರಿಗೂ ಆ ತಿಂಗಳು ಭಾರವೇ. ಆಗ ಬಾಗಿಲು ಹಾಕಿಕೊಂಡು ಫೋನ್ ಹಿಡಿದು ಕೂರಬೇಡ. ಹಾಸ್ಟೆಲಿನ ಅಡುಗೆಮನೆಯಲ್ಲಿ ಒಲೆ ಖಾಲಿ ಇದೆಯೇ ಎಂದು ಕೇಳಿದರೂ ಮಾತು ಶುರುವಾಗುತ್ತದೆ. ನಮ್ಮವರ ಸ್ನೇಹ ಇರಲಿ, ಹಬ್ಬಕ್ಕೆ ಸೇರಿ, ಆದರೆ ವಾರವಿಡೀ ಅವರೊಂದಿಗೇ ಉಂಡು ಅವರೊಂದಿಗೇ ತಿರುಗುವುದಾದರೆ ಟ್ಯೂಬಿಂಗೆನ್‌ವರೆಗೆ ಯಾಕೆ ಹೋಗಬೇಕು? ಹಗಲಿನ ಬೆಳಕಿನಲ್ಲಿ ದಿನಾ ನಡೆ. ಷೋನ್‌ಬುಖ್ ಕಾಡಿನೊಳಗೆ ಬೆಬೆನ್‌ಹೌಸೆನ್ ಮಠದವರೆಗೆ ನಡೆದುಹೋಗಬಹುದು. ಮನಸ್ಸು ತೀರ ಕುಗ್ಗಿದರೆ ಷ್ಟುಡೀರೆಂಡೆನ್‌ವೆರ್ಕ್ ಎಂಬ ವಿದ್ಯಾರ್ಥಿ ಸೇವಾ ಸಂಸ್ಥೆಯಲ್ಲಿ ಆಪ್ತಸಲಹೆ ಕೊಡುವವರಿದ್ದಾರೆ. ಅಲ್ಲಿಗೆ ಹೋಗುವುದು ಜ್ವರಕ್ಕೆ ಡಾಕ್ಟರ ಬಳಿ ಹೋದಷ್ಟೇ ಸಹಜ. ನಿನ್ನಮ್ಮನ ಹತ್ತಿರ ನಾನೇ ಮಾತಾಡಿದ್ದೇನೆ, ದಿನಕ್ಕೆ ಮೂರು ಸಲ ವಿಡಿಯೋ ಕಾಲ್ ಮಾಡುವುದಿಲ್ಲ ಎಂದು ಒಪ್ಪಿದ್ದಾಳೆ. ಪ್ರತಿಯಾಗಿ ಭಾನುವಾರ ನೀನು ತಪ್ಪಿಸಬಾರದು.

ಆ ಊರು ನಮಗೆ ಪೂರ್ತಿ ಪರಕೀಯವೂ ಅಲ್ಲ. 1843ರಲ್ಲಿ ನಮ್ಮ ಮಂಗಳೂರಿನಿಂದ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಓದಿದ್ದು ಟ್ಯೂಬಿಂಗೆನ್‌ನಲ್ಲಿ. ಕನ್ನಡಕ್ಕಾಗಿ ಮಾಡಿದ ಕೆಲಸಕ್ಕೆ 1858ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದೂ ಅದೇ ವಿಶ್ವವಿದ್ಯಾಲಯ. 1894ರಲ್ಲಿ ಇಲ್ಲಿಯೇ ಅಚ್ಚಾದ ಕನ್ನಡ-ಇಂಗ್ಲಿಷ್ ನಿಘಂಟಿನ ಕಿಟೆಲ್ ಅವರು 1903ರಲ್ಲಿ ತೀರಿಕೊಂಡದ್ದು ಅಲ್ಲಿ. ಪರದೇಶದಿಂದ ಬಂದು, ಪಂಡಿತರನ್ನೂ ಜನರನ್ನೂ ಕೇಳಿ ಕೇಳಿ ಆ ಮಹಾಗ್ರಂಥ ಕಟ್ಟಿದವರು ಅವರು. ಅರೆಬರೆ ಕನ್ನಡದಲ್ಲಿ ಕೇಳಲು ಅವರು ನಾಚಿಕೊಂಡಿದ್ದರೆ ನಮಗೆ ಆ ನಿಘಂಟು ಇರುತ್ತಿರಲಿಲ್ಲ. ಎ1 ಎಂಬ ಮೊದಲ ಹಂತವನ್ನಷ್ಟೇ ಮುಗಿಸಿದ ನಿನ್ನ ಜರ್ಮನ್‌ಗೆ ನೀನೂ ನಾಚಬೇಡ. ಲ್ಯಾಬಿನಲ್ಲಿ ಇಂಗ್ಲಿಷ್ ಸಾಕು, ಆದರೆ ಕಚೇರಿಯಲ್ಲಿ, ಬೇಕರಿಯಲ್ಲಿ ತಡವರಿಸಿಕೊಂಡಾದರೂ ಅವರ ಭಾಷೆಯಲ್ಲೇ ಶುರುಮಾಡು. ಊರಿನ ಹಿರಿಯರ ಶ್ವಾಬಿಷ್ ಎಂಬ ಆಡುನುಡಿಯ ಉಚ್ಚಾರ ಮೊದಲಿಗೆ ಒಂದೂ ಅರ್ಥವಾಗದು, ಮತ್ತೊಮ್ಮೆ ಹೇಳಿ ಎಂದು ಕೇಳು.

ಪೆಟ್ಟಿಗೆಯಲ್ಲಿ ಅಮ್ಮ ತುಪ್ಪ ಇಡಲು ಬಂದರೆ ತಡೆ, ಹಾಲಿನ ಪದಾರ್ಥವನ್ನು ಹೊರಗಿನಿಂದ ತರಗೊಡುವುದಿಲ್ಲ. ಹಸಿ ಕರಿಬೇವೂ ಹಾಗೆಯೇ. ಸಾರಿನ ಪುಡಿ ಧಾರಾಳವಾಗಿ ಒಯ್ಯಿ. ನೀನು ದಿನಾ ತೆಗೆದುಕೊಳ್ಳುವ ಥೈರಾಯ್ಡ್ ಮಾತ್ರೆ ಆರು ತಿಂಗಳಿಗಾಗುವಷ್ಟು ಒಟ್ಟಿಗೆ ಒಯ್ಯಬಹುದೇ ಎಂದು ಮೊದಲು ವಿಚಾರಿಸು, ಡಾಕ್ಟರ ಚೀಟಿ ಇಂಗ್ಲಿಷಿನಲ್ಲಿ ಬರೆಸಿಕೋ.

ನಿನ್ನ ಲರ್ನಿಂಗ್ ಅಗ್ರಿಮೆಂಟಿನ ಪ್ರತಿಯನ್ನು ಈ ವಾರವೇ ನನಗೆ ಕಳಿಸು. ಲ್ಯಾಬ್ ಕೋರ್ಸ್ ಅದರಲ್ಲಿ ಇಲ್ಲದಿದ್ದರೆ ಅಲ್ಲಿಯ ಅಧ್ಯಾಪಕರಿಗೆ ನೀನೇ ಈಮೇಲ್ ಬರೆದು ಕೇಳಬೇಕು. ಕರಡು ಬೇಕಾದರೆ ನೋಡಿಕೊಡುತ್ತೇನೆ, ಬರೆಯುವವಳು ನೀನು.

ಇಂತಿ,
ನಿನ್ನ ಪ್ರೀತಿಯ
ಅತ್ತೆ