ಕ್ಲೆಬ್ಸಿಯೆಲ್ಲಾನೇ ಯಾಕೆ?

ಪುಟ್ಟಿ,

ಪಿಎಚ್‌ಡಿಗೆ ಕ್ಲೆಬ್ಸಿಯೆಲ್ಲಾ ಬೇಡ ಅಂದಿದ್ದಕ್ಕೆ "ಅಮ್ಮ, ಇದರಲ್ಲಿ ನೀನು ತಲೆ ಹಾಕಬೇಡ" ಅಂತ ರಾತ್ರಿ ಫೋನ್ ಇಟ್ಟುಬಿಟ್ಟೆ. ಸರಿ, ತಲೆ ಹಾಕಲ್ಲ. ಬರೆಯುತ್ತೇನೆ ಅಷ್ಟೇ. ಕಾಗದದಲ್ಲಾದರೆ ನೀನು ಮಧ್ಯ ಬಾಯಿ ಹಾಕುವ ತಾಪತ್ರಯ ಇಲ್ಲ.

ಬ್ಯಾಕ್ಟೀರಿಯಾದ ಗೋಡೆ ಒಡೆಯುವ ಎಂಜೈಮ್ ಮೇಲೆ ಪಿಎಚ್‌ಡಿ ಅಂದಾಗ ನಮ್ಮ ಆಸ್ಪತ್ರೆಯಲ್ಲಿ ಡಾಕ್ಟರಿಂದ ಆಯಾವರೆಗೆ ಪೇಡಾ ಹಂಚಿದವಳು ನಾನು. ಲೈಸೋಜೈಮ್ ಅಂದರೆ ಏನು ಅಂತ ಬಂದವರಿಗೆಲ್ಲ ಪಾಠ ಮಾಡಿದೆ. ನಮ್ಮ ಕಣ್ಣೀರಲ್ಲಿ, ಜೊಲ್ಲಲ್ಲಿ, ಮೊಟ್ಟೆಯ ಬಿಳಿ ಭಾಗದಲ್ಲಿ ಇರುವುದೇ ಅದು. ಪೆನ್ಸಿಲಿನ್‌ಗೆ ಏಳು ವರ್ಷ ಮುಂಚೆ, 1921ರಲ್ಲಿ, ಫ್ಲೆಮಿಂಗ್ ನೆಗಡಿಯಾಗಿದ್ದಾಗ ತನ್ನ ಸಿಂಬಳವನ್ನೇ ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟಿಗೆ ಹಾಕಿ ನೋಡಿದ. ಬ್ಯಾಕ್ಟೀರಿಯಾದ ಹಳದಿ ಕಾಲೊನಿಗಳು ಕರಗಿದವು. ಆಮೇಲೆ ಕಣ್ಣೀರು ಬೇಕು ಅಂತ ಲಂಡನ್ನಿನ ಆ ಆಸ್ಪತ್ರೆಯಲ್ಲಿ ಸಿಕ್ಕವರ ಕಣ್ಣಿಗೆಲ್ಲ ನಿಂಬೆಹಣ್ಣು ಹಿಂಡಿಸಿದ. ನೀನು ಹೇಳಿದ ಕಥೆಯೇ ಇದು. ನನ್ನ ಬಾಯಲ್ಲಿ ಸ್ವಲ್ಪ ಜಾಸ್ತಿ ಬೆಳೆದಿರಬಹುದು.

ಈಗ ನೋಡಿದರೆ ನೀನು ಕಳಿಸಿದ ಸಿನಾಪ್ಸಿಸ್‌ನ ಮೊದಲ ಸಾಲಿನಲ್ಲೇ ಕ್ಲೆಬ್ಸಿಯೆಲ್ಲಾ, ಅಪ್ಪನನ್ನು ನಮ್ಮಿಂದ ಕಿತ್ತುಕೊಂಡ ಬ್ಯಾಕ್ಟೀರಿಯಾ. ಇಷ್ಟು ಬ್ಯಾಕ್ಟೀರಿಯಾ ಇರುವಾಗ ಅದೇ ಬೇಕಿತ್ತಾ?

ಅಪ್ಪನ ಆ ದಿನಗಳ ಬಗ್ಗೆ ಬರೆಯಲ್ಲ. ನೀನೂ ಅಲ್ಲೇ ಇದ್ದೆ. ನಿನಗೆ ಗೊತ್ತಿಲ್ಲದ್ದು ಒಂದೇ. ನೀನು ಔಷಧಿ ಅಂಗಡಿಯ ಕ್ಯೂನಲ್ಲಿದ್ದಾಗ ನಾನು ಆ ಆಸ್ಪತ್ರೆಯ ಲ್ಯಾಬಿಗೆ ಹೋಗಿದ್ದೆ. ನಾನೂ ಟೆಕ್ನಿಷಿಯನ್, ಒಂದು ಸಲ ತೋರಿಸಮ್ಮ ಅಂತ ಕೇಳಿದೆ. ನಿನ್ನ ವಯಸ್ಸಿನದೇ ಹುಡುಗಿ. ಪ್ಲೇಟ್ ತೆಗೆದಳು. ಬ್ಯಾಕ್ಟೀರಿಯಾ ಬೆಳೆಸುವ ಮ್ಯಾಕ್‌ಕಾಂಕಿ ಮಾಧ್ಯಮದ ಮೇಲೆ ಗುಲಾಬಿ ಕಾಲೊನಿಗಳು, ದಪ್ಪಗೆ, ಒಂದರೊಳಗೊಂದು ಸೇರಿಕೊಂಡು ಪಳಪಳ ಅಂತಿದ್ದವು. ತಂತಿಯ ಲೂಪ್ ತಾಗಿಸಿ ಮೇಲೆತ್ತಿದಳು. ಎಳೆ ಬಂತು. ಎತ್ತಿದಷ್ಟೂ ಬಂತು, ತುಂಡಾಗಲಿಲ್ಲ. ಸ್ಲೈಡಿನಲ್ಲಿ ಗುಲಾಬಿ ಬಣ್ಣದ ಗಿಡ್ಡ ಕಡ್ಡಿಗಳು, ಒಂದೊಂದರ ಸುತ್ತಲೂ ಬಣ್ಣ ಹಿಡಿಯದ ತೆಳ್ಳನೆಯ ಅಂಚು. ಆಮೇಲೆ ಯಾವ ಔಷಧಿಗೆ ಬಗ್ಗುತ್ತದೆ ಅಂತ ನೋಡುವ ಸೆನ್ಸಿಟಿವಿಟಿ ಪ್ಲೇಟ್. ಮೆರೊಪೆನೆಮ್ ಅನ್ನುವ ಆಂಟಿಬಯೋಟಿಕ್‌ನ ಡಿಸ್ಕಿಗೆ ಅಂಟಿಕೊಂಡೇ ಬೆಳೆದುಬಿಟ್ಟಿತ್ತು. ಸುತ್ತ ಒಂದಿಷ್ಟೂ ಖಾಲಿ ಜಾಗ ಇರಲಿಲ್ಲ. ಉಳಿದ ಡಿಸ್ಕುಗಳದ್ದೂ ಅದೇ ಕಥೆ. ಅದನ್ನು ಓದುವುದಕ್ಕೆ ನನಗೆ ಯಾರ ರಿಪೋರ್ಟೂ ಬೇಕಾಗಿರಲಿಲ್ಲ. ಮೇಲೆ ಬಂದು ನಿನಗೆ "ರಿಪೋರ್ಟ್ ನಾಳೆ ಬರುತ್ತಂತೆ" ಅಂದೆ. ಅದಕ್ಕೆ ನನಗೇನೂ ಬೇಜಾರಿಲ್ಲ. ಆ ರಾತ್ರಿಯಾದರೂ ನೀನು ನಿದ್ದೆ ಮಾಡಿದೆ.

ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಹೀಗೆ ಬೆಳೆಸಿ ನೋಡುವ ಕಲ್ಚರ್ ಇಲ್ಲ. ಕಫದ ಸ್ಲೈಡು, ಗ್ರಾಂ ಸ್ಟೇನು, ರಕ್ತದ ಕೌಂಟು, ಅಷ್ಟೇ. ಆದರೆ ನಿನ್ನ ಎಂಜೈಮಿನ ಕಷ್ಟ ನನಗೆ ಗ್ರಾಂ ಸ್ಟೇನಿನಿಂದಲೇ ಅರ್ಥವಾಗುತ್ತದೆ. ಆ ಬಣ್ಣ ಹಾಕಿದಾಗ ನೇರಳೆ ಉಳಿಸಿಕೊಳ್ಳುವ ಬ್ಯಾಕ್ಟೀರಿಯಾಗೆ ದಪ್ಪ ಗೋಡೆ, ಅದೂ ಹೊರಗೇ ಇರುವುದು. ಗೋಣಿಚೀಲದ ಹೆಣಿಗೆ ಅಂದುಕೋ. ಲೈಸೋಜೈಮ್ ಬಂದು ಎಳೆ ಕತ್ತರಿಸಿತು ಅಂದರೆ ಒಳಗಿನ ಒತ್ತಡಕ್ಕೆ ಚೀಲವೇ ಬಿರಿಯುತ್ತದೆ. ಕ್ಲೆಬ್ಸಿಯೆಲ್ಲಾದಂಥ ಗುಲಾಬಿಯವುಗಳ ಚೀಲ ತೆಳು, ಆದರೆ ಅದರ ಮೇಲೆ ಇನ್ನೊಂದು ಪ್ಲಾಸ್ಟಿಕ್ ಹೊದಿಕೆ. ಎಂಜೈಮ್ ಹೊರಗೇ ನಿಂತುಬಿಡುತ್ತದೆ. "ನಿನ್ನ ನೇರಳೆ ಮುಚ್ಚಳದ ಟ್ಯೂಬಿನಲ್ಲಿರುವ ಇಡಿಟಿಎ ಹಾಕಿದರೆ ಆ ಹೊದಿಕೆ ಸಡಿಲವಾಗುತ್ತೆ ಅಮ್ಮ" ಅಂತ ಖುಷಿಯಿಂದ ಹೇಳಿದ್ದೆ. ಆಗುತ್ತೆ, ಟ್ಯೂಬಿನಲ್ಲಿ. ಅದು ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ ಅಂತಲೇ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟುವುದಿಲ್ಲ. ಅದನ್ನು ಮನುಷ್ಯರಿಗೆ ಹಾಗೆಲ್ಲ ಏರಿಸುವುದಕ್ಕಾಗುತ್ತಾ?

ಸ್ಟ್ಯಾಫ್ ತಗೋ ಪುಟ್ಟಿ, ಹೊದಿಕೆ ಇಲ್ಲದ ನೇರಳೆ ಜಾತಿಯದು. ಅದರಲ್ಲೂ ಜನ ಸಾಯುತ್ತಾರೆ, ಅದೂ ದೊಡ್ಡ ಕೆಲಸವೇ. ಬೆಂಗಳೂರಿನ ಗಂಗಾಜೆನ್ ಕಂಪನಿಯವರು ಬ್ಯಾಕ್ಟೀರಿಯಾ ಕೊಲ್ಲುವ ಫೇಜ್ ವೈರಸ್ಸಿನ ಕತ್ತರಿಸುವ ಭಾಗಕ್ಕೆ ಲೈಸೋಸ್ಟಾಫಿನ್ ಅನ್ನುವ ಎಂಜೈಮಿನ ಹಿಡಿದುಕೊಳ್ಳುವ ಭಾಗ ಜೋಡಿಸಿ ಪಿ128 ಅನ್ನುವ ಹೊಸ ಎಂಜೈಮ್ ಮಾಡಿದ್ದು ಸ್ಟ್ಯಾಫ್ ಮೇಲೇ ಅಲ್ವಾ? ಇಲ್ಲಾಂದರೆ ಇ.ಕೋಲೈ ಬ್ಯಾಕ್ಟೀರಿಯಾ ತಗೋ. ನೀನಿರುವ ಹೈದರಾಬಾದಿನಲ್ಲೇ, ಸಿಸಿಎಂಬಿ ಅನ್ನುವ ಸಂಶೋಧನಾ ಕೇಂದ್ರದಲ್ಲಿ, ಮಂಜುಳಾ ರೆಡ್ಡಿಯವರು ಅದರ ಮೇಲೇ ಕೆಲಸ ಮಾಡಿದ್ದು. ಇ.ಕೋಲೈ ಬೆಳೆಯಬೇಕಾದರೆ ತನ್ನ ಗೋಡೆಯನ್ನು ತಾನೇ ಅಲ್ಲಲ್ಲಿ ಕತ್ತರಿಸಿಕೊಳ್ಳಬೇಕು ಅಂತ ತೋರಿಸಿ, ಆ ಕತ್ತರಿಗಳನ್ನೂ ಹುಡುಕಿದವರು. 2019ರಲ್ಲಿ ಇನ್ಫೋಸಿಸ್ ಪ್ರಶಸ್ತಿ ಬಂತು. ಪ್ರಶಸ್ತಿಗಾಗಿ ಮಾಡು ಅಂತ ಹೇಳುತ್ತಿಲ್ಲ. ಕೊಲ್ಲುವ ಎಂಜೈಮು, ಬೆಳೆಸುವ ಎಂಜೈಮು ಎರಡೂ ಒಂದೇ ಜಾತಿ ಅನ್ನುವುದೇ ಎಷ್ಟು ಚೆಂದದ ವಿಷಯ! ನಿನ್ನ ವಯಸ್ಸಿನಲ್ಲಿ ಯಾರಾದರೂ ನನಗೆ ಇದನ್ನೆಲ್ಲ ಹೇಳಿದ್ದರೆ ನಾನು ಡಿಎಂಎಲ್‌ಟಿಗೆ, ಈ ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾಗೆ, ನಿಲ್ಲುತ್ತಿರಲಿಲ್ಲ.

ನೋಡು, ಲೆಕ್ಚರ್ ಶುರುವಾಯಿತು.

ನಿನಗೆ ಸೋಂಕು ತಗಲುತ್ತೆ ಅಂತ ನನಗೆ ಹೆದರಿಕೆ ಇಲ್ಲ. ಗ್ಲೌಸ್ ಹಾಕುವುದು ನಿನಗೆ ಬರುತ್ತೆ. ಹೆದರಿಕೆ ಪ್ಲೇಟಿನದು. ಆ ಎಳೆ ಇದೆಯಲ್ಲ, ಅದನ್ನು ನೀನು ವಾರಕ್ಕೆ ಎಷ್ಟು ಸಲ ಎತ್ತುತ್ತೀಯ? ಪ್ರಯೋಗ ಕೆಡುವುದೇ ಜಾಸ್ತಿ. ಎಕ್ಸಿಬಕೇಸ್ ಅನ್ನುವ ಇಂಥದ್ದೇ ಎಂಜೈಮ್ ರೋಗಿಗಳ ಮೇಲಿನ ಮೂರನೇ ಹಂತದವರೆಗೂ ಹೋಗಿ, ಪ್ರಯೋಜನ ಕಾಣಲಿಲ್ಲ ಅಂತ 2022ರಲ್ಲಿ ನಿಂತುಹೋಯಿತು. ಅದೂ ಸ್ಟ್ಯಾಫ್ ಮೇಲೆ, ಸುಲಭದ್ದರ ಮೇಲೆ! ಅವರು ಬೇಜಾರು ಮಾಡಿಕೊಂಡು ಮನೆಗೆ ಹೋಗಿರುತ್ತಾರೆ. ನೀನು? ಪ್ಲೇಟಿನಲ್ಲಿ ಅದು ಬೆಳೆದಾಗಲೆಲ್ಲ ಅಪ್ಪನನ್ನು ಇನ್ನೊಂದು ಸಲ ಕಳಕೊಂಡೆ ಅಂದುಕೊಳ್ಳುತ್ತೀಯ. ಐದು ವರ್ಷ ಹಾಗೆ ಬದುಕೋಕಾಗಲ್ಲ. ನನಗೆ ಆ ಎಳೆ ಒಂದೇ ಸಲ ಕಂಡಿದ್ದು. ಇನ್ನೂ ಗಂಜಿ ಬಸಿಯುವಾಗ ಕೈ ನಿಲ್ಲುತ್ತದೆ.

"ನೀನೇನು ಅಪ್ಪನನ್ನು ವಾಪಸ್ ತರ್ತೀಯಾ" ಅಂದೆನಲ್ಲ, ಆ ಮಾತು ಜಾಸ್ತಿಯಾಯಿತು. ಮಿಕ್ಕಿದ್ದಕ್ಕೆಲ್ಲ ಈಗಲೂ ಬದ್ಧಳು.

ಸೋಮವಾರ ಗೈಡ್ ಸಹಿ ಹಾಕುತ್ತಾರೆ ಅಂದಿದ್ದೆ. ಬೇಡ ಅಂತಲೇ ನನ್ನ ಮಾತು. ನೀನು ಕೇಳುವವಳಲ್ಲ, ಅದೂ ಗೊತ್ತು. ಹಾಗಿದ್ದರೆ ಪ್ಲೇಟುಗಳ ಫೋಟೋ ನನಗೂ ಕಳಿಸು. ಕೆಟ್ಟವನ್ನು ಮೊದಲು ಕಳಿಸು, ಒಬ್ಬಳೇ ನೋಡುತ್ತಾ ಕೂರಬೇಡ. ಮತ್ತೆ ನಿಮ್ಮ ಲ್ಯಾಬಿನ ಸೇಫ್ಟಿ ಕ್ಯಾಬಿನೆಟ್ಟಿನ ಫಿಲ್ಟರ್ ಯಾವಾಗ ಚೆಕ್ ಮಾಡಿಸಿದ್ದು ಅಂತ ಕೇಳಿ ತಿಳಿಸು. ಡ್ಯೂಟಿ ನಾಲ್ಕೂವರೆಗೆ ಮುಗಿಯುತ್ತೆ, ಆಮೇಲೆ ಫೋನ್ ಮಾಡು.

ಅಮ್ಮ